ಡಾಂಬರಾಗದೆ ಉಳಿದ ಸಕ್ಕರೆ

ಜೀವದ ಹುಟ್ಟಿನ ರಸಾಯನಶಾಸ್ತ್ರ ಎಂದ ಕೂಡಲೇ ನೆನಪಾಗುವುದು 1953ರ ಸ್ಟ್ಯಾನ್ಲಿ ಮಿಲ್ಲರ್ ಪ್ರಯೋಗ. ಮೀಥೇನ್, ಅಮೋನಿಯಾ, ಹೈಡ್ರೋಜನ್, ನೀರಾವಿ ತುಂಬಿದ ಗಾಜಿನ ಬುರುಡೆಯಲ್ಲಿ ಒಂದು ವಾರ ವಿದ್ಯುತ್ ಕಿಡಿ ಹಾರಿಸಿದಾಗ ಗ್ಲೈಸಿನ್, ಅಲನೈನ್‌ನಂಥ ಅಮೈನೋ ಆಮ್ಲಗಳು ಸಿಕ್ಕವು. ಇದು ಪಠ್ಯಪುಸ್ತಕಗಳಲ್ಲೂ ಇದೆ. ಬುರುಡೆಯೊಳಗೆ ಕಟ್ಟಿಕೊಂಡ ಕಂದು ಅಂಟಿನ ಮಾತು ಮಾತ್ರ ಅಪರೂಪ. ಇಂಗಾಲದ ದೊಡ್ಡ ಪಾಲು ಹೋಗಿ ಸೇರಿದ್ದು ಆ ಡಾಂಬರಿಗೆ. ಅಣುಗಳು ಹುಟ್ಟುತ್ತವೆಯೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿ ಎಷ್ಟೋ ಕಾಲವಾಯಿತು. ಹುಟ್ಟಿದ ಅಣು ಮುಂದಿನ ಹೆಜ್ಜೆಯವರೆಗೆ ಕೆಡದೆ ಇರುವುದು ಹೇಗೆ ಎಂಬುದೇ ಈಗಿನ ಕಷ್ಟ. ಆ ಕಷ್ಟ ಎದ್ದು ಕಾಣುವುದು ಆನುವಂಶಿಕ ಮಾಹಿತಿ ಹೊರುವ ಆರ್‌ಎನ್‌ಎಯ ಬೆನ್ನೆಲುಬಾದ ರೈಬೋಸ್ ಎಂಬ ಸಕ್ಕರೆಯಲ್ಲಿ.

ಫಾರ್ಮಾಲ್ಡಿಹೈಡ್‌ನಿಂದ ಸಕ್ಕರೆ ಮಾಡುವ ಕ್ರಿಯೆಯನ್ನು ರಷ್ಯಾದ ಬುಟ್ಲೆರೋವ್ 1861ರಲ್ಲೇ ಕಂಡುಕೊಂಡಿದ್ದ. ಇದಕ್ಕೆ ಫಾರ್ಮೋಸ್ ಕ್ರಿಯೆ ಎಂದು ಹೆಸರು. ಫಾರ್ಮಾಲ್ಡಿಹೈಡ್ ದ್ರಾವಣಕ್ಕೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ಸುಣ್ಣ ಸೇರಿಸಿ ಬೆಚ್ಚಗೆ ಇಟ್ಟರೆ ಮೊದಲು ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ. ಎರಡು ಫಾರ್ಮಾಲ್ಡಿಹೈಡ್ ಅಣುಗಳು ನೇರವಾಗಿ ಕೂಡಿಕೊಳ್ಳುವುದು ತೀರಾ ನಿಧಾನ. ತುಂಬ ಶುದ್ಧವಾದ ಫಾರ್ಮಾಲ್ಡಿಹೈಡ್ ತೆಗೆದುಕೊಂಡರಂತೂ ಕ್ರಿಯೆ ಹೊತ್ತಿಕೊಳ್ಳುವುದೇ ಕಷ್ಟ. ಎರಡು ಇಂಗಾಲದ ಗ್ಲೈಕೋಲಾಲ್ಡಿಹೈಡ್ ಚೂರು ಇದ್ದರೆ ಸಾಕು, ಚಕ್ರ ತಿರುಗತೊಡಗುತ್ತದೆ. ಅದು ಒಂದು ಫಾರ್ಮಾಲ್ಡಿಹೈಡನ್ನು ಸೇರಿಸಿಕೊಂಡು ಮೂರು ಇಂಗಾಲದ ಗ್ಲಿಸರಾಲ್ಡಿಹೈಡ್ ಆಗುತ್ತದೆ, ಇನ್ನೊಂದನ್ನು ಸೇರಿಸಿಕೊಂಡು ನಾಲ್ಕು ಇಂಗಾಲದ ಸಕ್ಕರೆಯಾಗುತ್ತದೆ, ಅದು ನಡುವೆ ಒಡೆದರೆ ಎರಡು ಗ್ಲೈಕೋಲಾಲ್ಡಿಹೈಡ್. ಒಂದು ಹಾಕಿದ್ದಕ್ಕೆ ಎರಡು ಬಂತು. ಈ ಚಕ್ರವನ್ನು ಬ್ರೆಸ್ಲೋ ವಿವರಿಸಿದ್ದು 1959ರಲ್ಲಿ.

ಚಕ್ರ ವೇಗ ಹಿಡಿದ ಮೇಲೆ ಅದನ್ನು ತಡೆಯುವವರಿಲ್ಲ. ಫಾರ್ಮಾಲ್ಡಿಹೈಡ್ ಮುಗಿಯುತ್ತಿದ್ದಂತೆ ಬಣ್ಣವಿಲ್ಲದ ದ್ರಾವಣ ಹಳದಿಗೆ ತಿರುಗುತ್ತದೆ. ಹಾಗೇ ಬಿಟ್ಟರೆ ಕಂದಾಗುತ್ತದೆ, ಕೊನೆಗೆ ಅಂಟು. ಹಳದಿ ಕಾಣಿಸಿದ ಕ್ಷಣಕ್ಕೇ ಆಮ್ಲ ಹಾಕಿ ನಿಲ್ಲಿಸಿದರೂ ಕೈಗೆ ಸಿಗುವುದು ಹತ್ತಾರು ಸಕ್ಕರೆಗಳ ಕಲಬೆರಕೆ. ಅದರಲ್ಲಿ ರೈಬೋಸ್‌ನ ಪಾಲು ಸಾಮಾನ್ಯವಾಗಿ ಶೇಕಡಾ ಒಂದರೊಳಗೆ. ಇದರ ಜೊತೆಗೆ ಇನ್ನೊಂದು ನಷ್ಟವೂ ಇದೆ. ಕ್ಷಾರದಲ್ಲಿ ಫಾರ್ಮಾಲ್ಡಿಹೈಡ್‌ನ ಒಂದು ಭಾಗ ತನ್ನಷ್ಟಕ್ಕೆ ಮೆಥನಾಲ್ ಮತ್ತು ಫಾರ್ಮಿಕ್ ಆಮ್ಲವಾಗಿ ಒಡೆದುಹೋಗುತ್ತದೆ, ಆ ಆಮ್ಲ ಸುಣ್ಣವನ್ನೇ ತಿಂದು ಪಿಎಚ್ ಇಳಿಸುತ್ತದೆ.

ರೈಬೋಸ್ ಸಿಕ್ಕಿತು ಎಂದೇ ಇಟ್ಟುಕೊಳ್ಳೋಣ. 1995ರಲ್ಲಿ ಮಿಲ್ಲರ್ ಮತ್ತು ಸಂಗಡಿಗರು ಅದರ ಅರ್ಧಾಯುಷ್ಯ, ಅಂದರೆ ಅರ್ಧದಷ್ಟು ಕೆಡಲು ಹಿಡಿಯುವ ಸಮಯ, ಅಳೆದರು. ಪಿಎಚ್ 7ರಲ್ಲಿ, 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು 73 ನಿಮಿಷ. ಸೊನ್ನೆ ಡಿಗ್ರಿಯಲ್ಲಿ 44 ವರ್ಷ. ಕೋಟಿ ವರ್ಷಗಳ ಲೆಕ್ಕದಲ್ಲಿ ನಡೆಯುವ ಭೂಮಿಯ ಇತಿಹಾಸಕ್ಕೆ 44 ವರ್ಷವೂ ಏನೂ ಅಲ್ಲ. ಹಾಗಾಗಿ ಸಾಗರದಲ್ಲಿ ರೈಬೋಸ್ ನಿಧಾನಕ್ಕೆ ಶೇಖರವಾಗುತ್ತ ಹೋಯಿತು ಎಂಬ ಕಲ್ಪನೆಯನ್ನು ಕೈಬಿಡಲೇಬೇಕು.

2004ರಲ್ಲಿ ಸ್ಟೀವನ್ ಬೆನ್ನರ್ ತಂಡ ಇದಕ್ಕೊಂದು ದಾರಿ ತೋರಿಸಿತು: ಬೋರೇಟ್. ಕೋಲಮನೈಟ್‌ನಂಥ ಬೋರಾನ್ ಖನಿಜವನ್ನು ಸೇರಿಸಿದಾಗ ಅದೇ ಸುಣ್ಣದ ದ್ರಾವಣ ಕಂದಾಗಲಿಲ್ಲ, ಐದು ಇಂಗಾಲದ ಸಕ್ಕರೆಗಳು ಉಳಿದವು. ಕಾರಣ ಸರಳ. ಸಕ್ಕರೆ ಕೆಡುವುದು ಅದರ ಉಂಗುರ ಬಿಚ್ಚಿಕೊಂಡು ಸರಪಳಿಯಾಗಿ ಆಲ್ಡಿಹೈಡ್ ತುದಿ ತೆರೆದುಕೊಂಡಾಗ. ಒಂದೇ ಬದಿಗೆ ಅಕ್ಕಪಕ್ಕ ಇರುವ ಎರಡು ಹೈಡ್ರಾಕ್ಸಿಲ್‌ಗಳನ್ನು ಬೋರೇಟ್ ಹಿಡಿದುಕೊಂಡು ರೈಬೋಸನ್ನು ಉಂಗುರದ ರೂಪದಲ್ಲೇ ಕಟ್ಟಿಹಾಕುತ್ತದೆ. ಜಾಣ ಉಪಾಯ. ಆದರೆ ಆ ಕಾಲದ ಭೂಮಿಯ ಮೇಲೆ ಅಷ್ಟು ಬೋರಾನ್ ಒಂದೆಡೆ ಕೂಡಿತ್ತೇ ಎಂಬ ವಾದ ಇನ್ನೂ ನಡೆಯುತ್ತಿದೆ. ಅದಕ್ಕಿಂತ ದೊಡ್ಡ ತೊಡಕು ಮುಂದಿದೆ: ಸಕ್ಕರೆ ಉಳಿದರೂ ಅದು ಪ್ರತ್ಯಾಮ್ಲದ (ಆರ್‌ಎನ್‌ಎಯ ಅಕ್ಷರಗಳಾದ ಅಡೆನಿನ್, ಗ್ವಾನಿನ್, ಸೈಟೋಸಿನ್, ಯುರಾಸಿಲ್‌ಗಳಲ್ಲಿ ಒಂದರ) ಜೊತೆ ಕೂಡಬೇಕಲ್ಲ!

ಪ್ರತ್ಯಾಮ್ಲಗಳಲ್ಲಿ ಅಡೆನಿನ್ ಸಿಗುವುದು ಸುಲಭ. ಅದರ ಸೂತ್ರವೇ ಐದು ಹೈಡ್ರೋಜನ್ ಸಯನೈಡ್ ಅಣುಗಳ ಮೊತ್ತ. ಅಮೋನಿಯಂ ಸಯನೈಡ್ ದ್ರಾವಣ ಕಾಯಿಸಿ ಹ್ವಾನ್ ಓರೋ 1960ರಲ್ಲೇ ಅದನ್ನು ಪಡೆದಿದ್ದರು. ಇಲ್ಲಿ ಗಮನಿಸಬೇಕಾದ್ದು ಸಾಂದ್ರತೆ. ಅದರ ಅಳತೆ ಮೋಲಾರ್, ಅಂದರೆ ಲೀಟರಿಗೆ ಎಷ್ಟು ಮೋಲ್ ಎಂಬುದು. ಸಯನೈಡ್ ಸುಮಾರು 0.01 ಮೋಲಾರ್‌ಗಿಂತ ತೆಳುವಾಗಿದ್ದರೆ ನೀರಿನೊಡನೆ ಕೂಡಿ ಫಾರ್ಮಮೈಡ್, ಫಾರ್ಮೇಟ್ ಆಗಿ ವ್ಯರ್ಥವಾಗುತ್ತದೆ. ಅದಕ್ಕಿಂತ ಗಟ್ಟಿಯಾಗಿದ್ದರೆ ಮಾತ್ರ ತನ್ನೊಂದಿಗೆ ತಾನೇ ಕೂಡಿಕೊಳ್ಳುತ್ತದೆ. ಗಟ್ಟಿಮಾಡುವ ಒಂದು ದಾರಿ ಹಿಮ: ದ್ರಾವಣ ಹೆಪ್ಪುಗಟ್ಟುವಾಗ ಶುದ್ಧ ನೀರು ಮಂಜುಗಡ್ಡೆಯಾಗಿ ಬೇರೆಯಾಗಿ, ಉಳಿದ ದ್ರವದಲ್ಲಿ ಸಯನೈಡ್ ಸೇರುತ್ತ ಹೋಗುತ್ತದೆ.

ಅಡೆನಿನ್ ಮತ್ತು ರೈಬೋಸನ್ನು ಒಟ್ಟಿಗೆ ಒಣಗಿಸಿ ಕಾಯಿಸಿದರೆ ಸರಿಯಾದ ಅಡೆನೋಸಿನ್ (ಎರಡೂ ಬೆಸೆದ ಅಣು) ಶೇಕಡಾ ಕೆಲವೇ ಭಾಗ ಬರುತ್ತದೆ. ಸೈಟೋಸಿನ್, ಯುರಾಸಿಲ್ ಮಾತ್ರ ಕೂಡುವುದೇ ಇಲ್ಲ. ದಶಕಗಟ್ಟಲೆ ಈ ಗೋಡೆಗೆ ತಲೆ ಚಚ್ಚಿಕೊಂಡದ್ದಾಯಿತು.

2009ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಪೌನರ್, ಗೆರ್ಲ್ಯಾಂಡ್, ಸದರ್‌ಲ್ಯಾಂಡ್ ಆ ಗೋಡೆಯನ್ನು ಬಳಸಿಕೊಂಡು ಹೋದರು. ಸಕ್ಕರೆ ಬೇರೆ, ಪ್ರತ್ಯಾಮ್ಲ ಬೇರೆ ಮಾಡಿ ಬೆಸೆಯುವ ಯೋಚನೆಯನ್ನೇ ಅವರು ಬಿಟ್ಟರು. ಗ್ಲೈಕೋಲಾಲ್ಡಿಹೈಡನ್ನು ಸಯನಮೈಡ್ ಜೊತೆ ಕೂಡಿಸಿದರೆ 2-ಅಮೈನೋಆಕ್ಸಜೋಲ್ ಎಂಬ ಪುಟ್ಟ ಉಂಗುರ ಬರುತ್ತದೆ. ಅದರಲ್ಲಿ ಮುಂದಿನ ಸಕ್ಕರೆಯ ಅರ್ಧ, ಮುಂದಿನ ಪ್ರತ್ಯಾಮ್ಲದ ಅರ್ಧ ಆಗಲೇ ಬೆಸೆದುಕೊಂಡಿವೆ. ಇದಕ್ಕೆ ಗ್ಲಿಸರಾಲ್ಡಿಹೈಡ್ ಸೇರಿದರೆ ಸಕ್ಕರೆಯ ಭಾಗ ಪೂರ್ತಿಯಾಗುತ್ತದೆ, ಸಯನೋಅಸಿಟಿಲೀನ್ ಸೇರಿದರೆ ಪ್ರತ್ಯಾಮ್ಲದ ಭಾಗ ಪೂರ್ತಿಯಾಗುತ್ತದೆ. ಕೊನೆಗೆ ಫಾಸ್ಫೇಟ್ ಮತ್ತು ಯೂರಿಯಾ ಜೊತೆ ಒಣಸ್ಥಿತಿಯಲ್ಲಿ ಕಾಯಿಸಿದಾಗ ಸೈಟೋಸಿನ್-ರೈಬೋಸ್ ಜೋಡಿಯಾದ ಸೈಟಿಡಿನ್‌ನ ಚಕ್ರೀಯ ಫಾಸ್ಫೇಟ್ ಸಿಗುತ್ತದೆ. ಸ್ವತಂತ್ರ ರೈಬೋಸ್ ಈ ದಾರಿಯಲ್ಲಿ ಎಲ್ಲೂ ಇಲ್ಲ, ಹಾಗಾಗಿ ಅದು ಕೆಡುವ ಪ್ರಶ್ನೆಯೂ ಇಲ್ಲ. ಆಮೇಲೆ ನೇರಳಾತೀತ ಕಿರಣ ಬಿದ್ದರೆ ಸೈಟಿಡಿನ್‌ನ ಒಂದು ಪಾಲು ಯುರಾಸಿಲ್-ರೈಬೋಸ್ ಜೋಡಿಯಾದ ಯುರಿಡಿನ್ ಆಗುತ್ತದೆ, ತಪ್ಪು ಆಕಾರದ ಸೋದರ ಅಣುಗಳು ಹೆಚ್ಚು ನಾಶವಾಗುತ್ತವೆ. ಓಝೋನ್ ಇಲ್ಲದ ಆ ಆಕಾಶದಿಂದ ಈ ಕಿರಣಗಳು ನೆಲದವರೆಗೂ ಇಳಿಯುತ್ತಿದ್ದವು.

ಈ ಸರಣಿಯಲ್ಲಿ ನನಗೆ ಎಲ್ಲಕ್ಕಿಂತ ಚೆಂದ ಕಾಣುವುದು ಫಾಸ್ಫೇಟ್‌ನ ಪಾತ್ರ. ಅದು ಕೊನೆಯ ಹೆಜ್ಜೆಗೆ ಮಾತ್ರ ಬೇಕಾದದ್ದು. ಆದರೂ ಅದನ್ನು ಮೊದಲಿನಿಂದಲೇ ಪಾತ್ರೆಯಲ್ಲಿ ಇಟ್ಟರು. ಫಾಸ್ಫೇಟ್ ಇಲ್ಲದೆ ಗ್ಲೈಕೋಲಾಲ್ಡಿಹೈಡ್, ಸಯನಮೈಡ್ ಕೂಡಿದರೆ ಬರೀ ಕಲಬೆರಕೆ. 1 ಮೋಲಾರ್ ಫಾಸ್ಫೇಟ್, ಪಿಎಚ್ 7 ಇದ್ದರೆ ಶೇಕಡಾ 80ಕ್ಕೂ ಹೆಚ್ಚು ಅಮೈನೋಆಕ್ಸಜೋಲ್. ಅಲ್ಲಿ ಅದು ವೇಗವರ್ಧಕ. ಸಯನೋಅಸಿಟಿಲೀನ್ ಹೆಜ್ಜೆಯಲ್ಲಿ ಪಿಎಚ್ ಏರದಂತೆ ತಡೆಯುವುದೂ ಅದೇ, ಹೆಚ್ಚಾದ ಸಯನೋಅಸಿಟಿಲೀನನ್ನು ಹೀರಿಕೊಂಡು ಅಡ್ಡಕ್ರಿಯೆ ತಪ್ಪಿಸುವುದೂ ಅದೇ.

ಹಾಗೆಂದು ಎಲ್ಲವೂ ಮುಗಿಯಿತೆಂದಲ್ಲ. 1 ಮೋಲಾರ್ ಫಾಸ್ಫೇಟ್ ಎಲ್ಲಿಂದ ಬರಬೇಕು? ನೀರಿನಲ್ಲಿ ಕ್ಯಾಲ್ಸಿಯಂ ಇದ್ದರೆ ಅದು ಅಪಟೈಟ್ ಎಂಬ ಕ್ಯಾಲ್ಸಿಯಂ ಫಾಸ್ಫೇಟ್ ಖನಿಜವಾಗಿ ತಳಕ್ಕೆ ಕೂರುತ್ತದೆ. ಅಂದರೆ ಫಾರ್ಮೋಸ್ ಕ್ರಿಯೆಗೆ ಬೇಕಾದ ಸುಣ್ಣ ಮತ್ತು ಪೌನರ್‌-ಸದರ್‌ಲ್ಯಾಂಡ್ ದಾರಿಗೆ ಬೇಕಾದ ಫಾಸ್ಫೇಟ್ ಒಂದೇ ಹೊಂಡದಲ್ಲಿ ಇರಲಾರವು. ಇದಕ್ಕೆ ಈಗ ಇರುವ ಒಳ್ಳೆಯ ಉತ್ತರ ಕಾರ್ಬೋನೇಟ್ ತುಂಬಿದ ಸೋಡಾ ಸರೋವರಗಳು. ಅಲ್ಲಿ ಕ್ಯಾಲ್ಸಿಯಂ ಅನ್ನು ಕಾರ್ಬೋನೇಟ್ ಮೊದಲೇ ಹಿಡಿದು ತಳಕ್ಕಿಳಿಸುತ್ತದೆ, ಫಾಸ್ಫೇಟ್ ನೀರಿನಲ್ಲೇ ಉಳಿಯುತ್ತದೆ. ಟೋನರ್ ಮತ್ತು ಕ್ಯಾಟ್ಲಿಂಗ್ 2020ರಲ್ಲಿ ತೋರಿಸಿದಂತೆ, ಅಂಥ ನೀರು ಆವಿಯಾಗುತ್ತ ಬಂದರೆ ಫಾಸ್ಫೇಟ್ 0.1 ಮೋಲಾರ್ ದಾಟಬಲ್ಲದು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿರುವ ಲಾಸ್ಟ್ ಚಾನ್ಸ್ ಲೇಕ್ ಇಂಥ ನೀರಿಗೆ ಇಂದಿನ ಉದಾಹರಣೆ.

ಎರಡನೆಯ ಆಕ್ಷೇಪ ಕ್ರಮದ್ದು. ಗ್ಲೈಕೋಲಾಲ್ಡಿಹೈಡ್ ಮೊದಲು, ಗ್ಲಿಸರಾಲ್ಡಿಹೈಡ್ ಆಮೇಲೆ ಬರಬೇಕು. ಎರಡೂ ಒಟ್ಟಿಗೆ ಇದ್ದರೆ ಸಯನಮೈಡ್ ಎರಡನ್ನೂ ಹಿಡಿಯುತ್ತದೆ. ಪ್ರಯೋಗಾಲಯದಲ್ಲಿ ಕ್ರಮ ಕಾಯುವುದು ಕೈ, ಹೊಂಡದಲ್ಲಿ ಯಾರು? ಇಲ್ಲಿ ಎರಡು ಗುಣಗಳು ನೆರವಾಗುತ್ತವೆ. ಅಮೈನೋಆಕ್ಸಜೋಲ್ ಆವಿಯಾಗಬಲ್ಲದು, ಹಾಗಾಗಿ ಹುಟ್ಟಿದ ಜಾಗ ಬಿಟ್ಟು ತಣ್ಣನೆಯ ಇನ್ನೊಂದು ಕಡೆ ಶುದ್ಧವಾಗಿ ಇಳಿಯಬಹುದು. ಇನ್ನೊಂದನ್ನು ಪೌನರ್ ತಂಡ 2017ರಲ್ಲಿ ತೋರಿಸಿತು: 2-ಅಮೈನೋಥಯಜೋಲ್ ಎಂಬ ಗಂಧಕದ ಸಂಯುಕ್ತ ಕಲಬೆರಕೆಯಿಂದ ಮೊದಲು ಗ್ಲೈಕೋಲಾಲ್ಡಿಹೈಡನ್ನು, ನಂತರ ಗ್ಲಿಸರಾಲ್ಡಿಹೈಡನ್ನು ಬೇರೆಬೇರೆ ಹರಳುಗಳಾಗಿ ಹಿಡಿದಿಡುತ್ತದೆ. ಹರಳಾದದ್ದು ಕೆಡುವುದು ನಿಧಾನ.

ಈ ವಿಷಯದ ಹೊಸ ಪ್ರಬಂಧ ಕೈಗೆ ಬಂದಾಗ ನೋಡಬೇಕಾದದ್ದು ಇಂಥವೇ: ಹೆಜ್ಜೆಗಳ ನಡುವೆ ಶುದ್ಧೀಕರಣ ಮಾಡಿದರೇ, ಸಾಂದ್ರತೆ ಎಷ್ಟು, ಹಿಂದಿನ ಹೆಜ್ಜೆಯ ಕಸ ಪಾತ್ರೆಯಲ್ಲಿ ಉಳಿದಿದ್ದಾಗಲೂ ಕ್ರಿಯೆ ನಡೆಯಿತೇ. ಅಡೆನಿನ್, ಗ್ವಾನಿನ್ ಜೊತೆ ಸಕ್ಕರೆ ಮತ್ತು ಫಾಸ್ಫೇಟ್ ಸೇರಿದ ನ್ಯೂಕ್ಲಿಯೋಟೈಡ್‌ಗಳು ಈ ಆಕ್ಸಜೋಲ್ ದಾರಿಯಲ್ಲಿ ನೇರವಾಗಿ ಬರುವುದಿಲ್ಲ. ಮ್ಯೂನಿಕ್‌ನ ಕರೆಲ್ ತಂಡ 2019ರಲ್ಲಿ ನೆನೆಯುವ-ಒಣಗುವ ಸರದಿಯ ಬೇರೊಂದು ಸರಣಿಯಿಂದ ಎರಡೂ ಬಗೆಯ ಪ್ರತ್ಯಾಮ್ಲಗಳ (ಅಡೆನಿನ್-ಗ್ವಾನಿನ್ ಬಗೆ, ಸೈಟೋಸಿನ್-ಯುರಾಸಿಲ್ ಬಗೆ) ಅಣುಗಳನ್ನು ಪಡೆಯಿತು. ಆದರೆ ಅಲ್ಲಿ ರೈಬೋಸ್ ಬೇಕು. ಅಂದರೆ 73 ನಿಮಿಷದ ಆ ಲೆಕ್ಕಕ್ಕೆ ಉತ್ತರ ಕೊಡುವ ಹೊಣೆ ಆ ದಾರಿಗೂ ತಪ್ಪಿದ್ದಲ್ಲ.