ಬೇವು ಸೋತಿತು, ಬಜೆ ಗೆದ್ದಿತು: ಹಿತ್ತಲ ಮಡಿಯ ಎರಡನೇ ಮಳೆಗಾಲ

ತೀರ್ಥಹಳ್ಳಿ ಹತ್ತಿರದ ನಮ್ಮ ಹಿತ್ತಲಲ್ಲಿ ಸೊಳ್ಳೆ, ಹುಳು ಓಡಿಸುವ ಗಿಡಗಳ ಮಡಿ ಮಾಡಿ ಎರಡು ಮಳೆಗಾಲ ಕಳೆಯಿತು. ಮೊದಲು ಸೋತ ಗಿಡದ ಸುದ್ದಿ. ಹೋದ ವರ್ಷ ಶಿಕಾರಿಪುರದ ಕಡೆಯಿಂದ ತಂದ ಮೂರು ಬೇವಿನ ಸಸಿಗಳಲ್ಲಿ ಎರಡು ಆಗಸ್ಟ್ ಹೊತ್ತಿಗೇ ಬೇರು ಕೊಳೆತು ಹೋದವು. ಬಯಲುಸೀಮೆಯ ಮರ ಅದು, ನಮ್ಮ ಜಡಿಮಳೆ ಒಗ್ಗುವುದಿಲ್ಲ.

ಹಾಗಾಗಿ ಬೇವಿನ ಬೀಜ ಕೊಂಡು ತರುತ್ತೇನೆ. 50 ಗ್ರಾಂ ತಿರುಳು ಕುಟ್ಟಿ, 1 ಲೀಟರ್ ನೀರಲ್ಲಿ ರಾತ್ರಿಯಿಡೀ ನೆನೆಸಿ, ಸೋಸಿ, ಚೂರು ಸೋಪಿನ ನೀರು ಸೇರಿಸಿದರೆ ಆಯ್ತು. ಮೊದಲ ವರ್ಷ ಬೆಳಿಗ್ಗೆ ಹೊಡೆದು ಏನೂ ಪ್ರಯೋಜನ ಕಾಣಲಿಲ್ಲ. ಅದರ ಸತ್ವ ಅಜಾಡಿರಾಕ್ಟಿನ್ ಬಿಸಿಲಿಗೆ ಬೇಗ ಕೆಡುತ್ತದೆ. ಈ ಸಲ ಸಂಜೆ ಹೊಡೆದೆ. ಹುಳು ತಕ್ಷಣ ಸಾಯುವುದಿಲ್ಲ, ತಿನ್ನುವುದು ಬಿಡುತ್ತದೆ, ಪೊರೆ ಕಳಚಲಾಗದೆ ಸೊರಗುತ್ತದೆ. ಬದನೆ ಎಲೆಯಲ್ಲಿ ಹೊಸ ತೂತು ಬೀಳುವುದು ನಾಲ್ಕನೇ ದಿನ ನಿಂತಿತು.

ಬಜೆಗೆ ಮಾತ್ರ ನಮ್ಮ ಜೌಗು ಅಂದರೆ ತವರುಮನೆ. ಬಚ್ಚಲ ನೀರು ಹರಿಯುವಲ್ಲಿ ದಟ್ಟವಾಗಿ ಹಬ್ಬಿದೆ. ಬೇರು ಒಣಗಿಸಿ ಪುಡಿ ಮಾಡಿ ಬಿತ್ತನೆಯ ಅಲಸಂದೆಗೆ ಬೆರೆಸಿದ್ದೆ. ಡಬ್ಬಿ ತೆರೆದಾಗ ಒಂದೂ ಕಾಳು ತೂತಾಗಿರಲಿಲ್ಲ! ಊಟದ ಕಾಳಿಗೆ ಹಾಕಲಿಲ್ಲ, ಹಾಕಲೂಬಾರದು. ಅದರಲ್ಲಿರುವ ಅಸರೋನ್ ಹೊಟ್ಟೆಗೆ ಒಳ್ಳೆಯದಲ್ಲ.

ಇನ್ನು ಲಕ್ಕಿ ಸೊಪ್ಪು. ಕೊಟ್ಟಿಗೆಯಲ್ಲಿ ಕೆಂಡದ ಮೇಲೆ ಹಾಕಿ ಹೊಗೆ ಎಬ್ಬಿಸುವುದು. "ಹಸೀ ಸೊಪ್ಪು ಹಾಕಿದ್ರೆ ಬರೀ ಕಣ್ಣು ಉರೀತದೆ, ಒಂದಿನ ಬಾಡಿಸು" ಅಂದರು ಅಮ್ಮ. ಹಾಗೇ ಮಾಡಿದೆ, ದನಗಳು ಬಾಲ ಬೀಸುವುದು ಕಡಿಮೆಯಾಯಿತು. ಆದರೆ ಹೊಗೆ ಇರುವಷ್ಟು ಹೊತ್ತು ಮಾತ್ರ. ಎಂಟು ಗಂಟೆಗೆ ಕೆಂಡ ಆರುತ್ತದೆ. ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಗೆ ರಾತ್ರಿಯಿಡೀ ಕೆಲಸ. ಮಲೆನಾಡಿನಂಥ ಗುಡ್ಡದ ಸೀಮೆಯಲ್ಲಿ ಅದರ ಒಂದು ಜಾತಿ ಮೊಟ್ಟೆ ಇಡುವುದು ಕೊಳಚೆಯಲ್ಲಲ್ಲ, ನಿಧಾನ ಹರಿಯುವ ತಿಳಿನೀರ ಹಳ್ಳದಲ್ಲಿ. ಮಲಗುವ ಕೋಣೆಗೆ ಸೊಳ್ಳೆ ಪರದೆ ಬೇಕೇ ಬೇಕು.

ನೆಲಬೇವು ಜೂನ್‌ನಲ್ಲಿ ಬಿತ್ತಿದ್ದು ಈಗ ಹೂ ಬಿಟ್ಟಿದೆ, ಕೊಯ್ಯುವ ಹೊತ್ತು. 1953ರಲ್ಲಿ ದೇಶದ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಗಿ ಸೊಳ್ಳೆ ಕೊಲ್ಲುವ ಡಿಡಿಟಿ ಬರುವ ಮೊದಲು ಚಳಿಜ್ವರಕ್ಕೆ ಇದರ ಕಷಾಯವೇ ಗತಿ ಅನ್ನುತ್ತಿದ್ದರು ಅಜ್ಜಿ. ಆ ಮಾತು ನನಗೆ ಬಹಳ ಪ್ರೀತಿ. ಆದರೂ ಚೀನಾದ ವಿಜ್ಞಾನಿ ತು ಯೂಯೂ ಅವರ ಕೆಲಸ ಓದಿದ ಮೇಲೆ ಹುಷಾರಾದೆ. ಅವರು ಆರ್ಟಿಮೀಸಿಯಾ ಸೊಪ್ಪಿನಿಂದ ಮಲೇರಿಯಾ ಮದ್ದು ತೆಗೆದರು, 2015ರಲ್ಲಿ ನೊಬೆಲ್ ಬಂತು. ಕುದಿಸಿದಾಗ ಸತ್ವ ಕೆಡುತ್ತಿತ್ತು, ಕಡಿಮೆ ಬಿಸಿಯಲ್ಲಿ ಈಥರ್ ಎಂಬ ದ್ರಾವಕ ಬಳಸಿದಾಗ ಸಿಕ್ಕಿತು. ಸೊಪ್ಪಲ್ಲಿ ಮದ್ದಿದ್ದರೂ ಕಷಾಯದಲ್ಲಿ ಇರಬೇಕೆಂದೇನಿಲ್ಲ, ಅಲ್ವಾ? ನಮ್ಮ ಮನೆಯಲ್ಲಿ ನಡುಕದ ಜ್ವರ ಬಂದರೆ ಅವತ್ತೇ ರಕ್ತ ಪರೀಕ್ಷೆ.

ಈ ವಾರ ನೆಲಬೇವು ಕೊಯ್ದು ನೆರಳಲ್ಲಿ ಒಣಗಿಸಬೇಕು. ನಾಲ್ಕು ಗಿಡ ಬೀಜಕ್ಕೆ ಬಿಡುತ್ತೇನೆ. ಉಳಿದ ಬೇವಿನ ಸಸಿಯನ್ನು ದರೆಯ ಮೇಲಿನ ಏರು ಜಾಗಕ್ಕೆ ಸಾಗಿಸಿದ್ದೇನೆ, ಎರಡು ಚಿಗುರು ಬಂದಿದೆ.