ಮಾತಾಡುವ ಅಧಿಕಾರ ಬೇರೆ, ಸಹಿ ಹಾಕುವ ಅಧಿಕಾರ ಬೇರೆ

ಕಾರ್ಮಿಕ ವಿವಾದ ರಾಜಿ ಹಂತಕ್ಕೆ ಬಂದಾಗ ಕಂಪನಿ ಪರವಾಗಿ ಎಚ್.ಆರ್. ಮ್ಯಾನೇಜರೋ ಸಲಹೆಗಾರರೋ ಬಂದು ಕೂರುತ್ತಾರೆ. ಅವರು ತರುವ ಅಧಿಕಾರ ಪತ್ರದಲ್ಲಿ ಎಷ್ಟೋ ಸಲ ಇರುವುದು ಒಂದೇ ಸಾಲು: ‘ನಮ್ಮ ಪರವಾಗಿ ಹಾಜರಾಗಲು ಇವರಿಗೆ ಅಧಿಕಾರ ನೀಡಲಾಗಿದೆ.’ ಹಾಜರಾಗಲು, ಅಷ್ಟೇ. ಒಪ್ಪಲು, ಸಹಿ ಹಾಕಲು ಎಂಬ ಮಾತೇ ಇಲ್ಲ. ಆಮೇಲೆ ಆಡಳಿತ ಮಂಡಳಿ ‘ಅವರಿಗೆ ಅಷ್ಟು ಅಧಿಕಾರ ಇರಲಿಲ್ಲ’ ಎಂದು ರಾಗ ತೆಗೆಯುವುದು ಈ ಸಾಲನ್ನು ಹಿಡಿದೇ.

ಹಾಗಾಗಿ ಪತ್ರವನ್ನು ಬಿಡಿಸಿ ಬರೆಯಿರಿ. ಯಾವ ವಿವಾದ, ಬೇಡಿಕೆ ಪಟ್ಟಿಯ ತಾರೀಖು ಯಾವುದು, ಮಾತುಕತೆ ಮಾತ್ರವೋ ಸಹಿಯೂ ಸೇರಿದೆಯೋ, ಎಂದಿನವರೆಗೆ. ವಜಾ ಪ್ರಕರಣವಾದರೆ ಮೂರು ವಿಷಯ ಬೇರೆ ಬೇರೆಯಾಗಿ ಬರಬೇಕು: ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುವುದು, ಬಾಕಿ ವೇತನ, ಸೇವೆಯ ನಿರಂತರತೆ (ಕೆಲಸದಿಂದ ಹೊರಗಿದ್ದ ಅವಧಿಯನ್ನೂ ಸೇವೆಯೆಂದೇ ಎಣಿಸುವುದು). ಮೊದಲನೆಯದಕ್ಕೆ ಒಪ್ಪಿಗೆ ಪಡೆದು ಬಂದ ಪ್ರತಿನಿಧಿ ಮೂರನೆಯದಕ್ಕೂ ಸಹಿ ಹಾಕಿಬಿಟ್ಟರೆ ಗ್ರಾಚ್ಯುಟಿ ಲೆಕ್ಕವೇ ಬದಲಾಗುತ್ತದೆ.

ಹಣದ ಮಿತಿಯನ್ನು ಮಾತ್ರ ಈ ಪತ್ರದಲ್ಲಿ ಹಾಕಬೇಡಿ, ಎದುರಿನವರು ಮೊದಲ ದಿನವೇ ಆ ಅಂಕಿಗೆ ಬಂದು ನಿಲ್ಲುತ್ತಾರೆ. ಅದಕ್ಕೆ ಆಂತರಿಕ ಪತ್ರ ಬೇರೆ ಇರಲಿ. ಆದರೆ ಇದರಲ್ಲೊಂದು ಅಪಾಯವಿದೆ. ಪ್ರತಿನಿಧಿಗೆ ಅಧಿಕಾರವಿದೆ ಎಂದು ಎದುರಿನವರು ನಂಬುವಂತೆ ನೀವೇ ನಡೆದುಕೊಂಡಿದ್ದರೆ, ಅವರಿಗೆ ತಿಳಿಯದ ಆ ಒಳ ಮಿತಿಯನ್ನು ತೋರಿಸಿ ನುಣುಚಿಕೊಳ್ಳಲಾಗದು. 1872ರ ಕರಾರು ಕಾಯ್ದೆಯ 237ನೇ ಸೆಕ್ಷನ್ ಹೇಳುವುದು ಇದನ್ನೇ. ಮಿತಿ ದಾಟುವ ಹೊತ್ತು ಬಂದಾಗ ಪ್ರತಿನಿಧಿ ಹೊರಗೆ ಹೋಗಿ ಫೋನ್ ಮಾಡಬೇಕು. ಫೋನಿನಲ್ಲಿ ಸಿಕ್ಕ ಒಪ್ಪಿಗೆಯನ್ನು ಅಂದೇ ಇ-ಮೇಲ್‌ನಲ್ಲಿ ಬರೆಸಿಕೊಳ್ಳಬೇಕು.

ಮಾಲೀಕರಿಗೇ ಇಲ್ಲದ ಅಧಿಕಾರ ಪ್ರತಿನಿಧಿಗೂ ಬರುವುದಿಲ್ಲ. ಕನಿಷ್ಠ ವೇತನಕ್ಕಿಂತ ಕಡಿಮೆಗೆ ಒಪ್ಪಿಸಿ ಬಾ ಎಂದು ಯಾರನ್ನೂ ಕಳಿಸುವಂತಿಲ್ಲ.

ಸಹಿ ಎಲ್ಲಿ ಬೀಳುತ್ತದೆ ಎಂಬುದೂ ಮುಖ್ಯ. 1947ರ ಕೈಗಾರಿಕಾ ವಿವಾದ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆಯಾದರೂ, ಜನರ ಬಾಯಲ್ಲಿ ಈಗಲೂ ಹಳೆಯ ಕಾಯ್ದೆಯ ‘12(3)’, ‘18(1)’ ಸೆಕ್ಷನ್‌ಗಳೇ. ಇಬ್ಬರೇ ಕೂತು ಮಾಡಿಕೊಂಡ 18(1) ಒಪ್ಪಂದ ಸಹಿ ಹಾಕಿದ ಪಕ್ಷಗಳನ್ನಷ್ಟೇ ಕಟ್ಟಿಹಾಕುತ್ತದೆ. ವಿವಾದ ರಾಜಿ ಮಾಡಿಸಲು ಸರ್ಕಾರ ನೇಮಿಸಿದ ಸಂಧಾನಾಧಿಕಾರಿಯ ಮುಂದೆ, ಸಂಧಾನ ನಡೆಯುತ್ತಿರುವಾಗ ಆದ 12(3) ಒಪ್ಪಂದವಾದರೆ ಆ ಯೂನಿಯನ್‌ಗೆ ಸೇರದವರಿಗೂ, ನಾಳೆ ಸೇರುವ ಕಾರ್ಮಿಕನಿಗೂ ಅನ್ವಯ. ಪೀಣ್ಯದ ಕಾರ್ಖಾನೆಯಲ್ಲಿ ಎರಡು ಯೂನಿಯನ್ ಇದ್ದು, ಒಂದರ ಜೊತೆ ಮಾತ್ರ 18(1) ಮಾಡಿಕೊಂಡರೆ ಇನ್ನೊಂದು ಮರುದಿನವೇ ಅದೇ ಬೇಡಿಕೆ ಎತ್ತಬಹುದು. ಈ ಎರಡು ಬಗೆಯ ಒಪ್ಪಂದಗಳಲ್ಲಿ ಯಾವುದಕ್ಕೆ ಸಹಿ ಹಾಕಬಹುದು ಎಂಬುದನ್ನೂ ಅಧಿಕಾರ ಪತ್ರ ಹೇಳಲಿ. ಇನ್ನೊಂದು ಮಾತು: ಸಂಧಾನಾಧಿಕಾರಿಯ ಮುಂದೆ ವಕೀಲರು ಪ್ರತಿನಿಧಿಯಾಗಿ ಬರುವಂತಿಲ್ಲ.

ಕಾರ್ಮಿಕರ ಕಡೆಯ ಅಧಿಕಾರವನ್ನೂ ನೋಡಿ. ಹಳೆಯ ಕೇಂದ್ರ ನಿಯಮಗಳ ಪ್ರಕಾರ ಯೂನಿಯನ್ ಪದಾಧಿಕಾರಿ, ಇಲ್ಲವೇ ಅದಕ್ಕೆಂದೇ ಕರೆದ ಕಾರ್ಮಿಕರ ಸಭೆ ಆರಿಸಿದ ಐವರು ಪ್ರತಿನಿಧಿಗಳು ಸಹಿ ಹಾಕಬೇಕಿತ್ತು. ಸಭೆಯ ನಡಾವಳಿಯ ಪ್ರತಿಯನ್ನು ಒಪ್ಪಂದಕ್ಕೆ ಲಗತ್ತಿಸಿಬಿಟ್ಟರೆ ಮುಂದೆ ವಾದಕ್ಕೆ ಎಡೆ ಇರುವುದಿಲ್ಲ.

ಪ್ರತಿನಿಧಿ ಮಿತಿ ಮೀರಿ ಸಹಿ ಹಾಕಿಯೇಬಿಟ್ಟರೆ? ಕಂಪನಿ ಅದನ್ನು ಆಮೇಲೆ ಒಪ್ಪಿ ಸ್ಥಿರೀಕರಿಸಬಹುದು, ಕರಾರು ಕಾಯ್ದೆಯ 196ನೇ ಸೆಕ್ಷನ್ ಅದಕ್ಕೇ ಇರುವುದು. ಸ್ಥಿರೀಕರಣವನ್ನು ಮಾತಿನಲ್ಲೋ ಬರಹದಲ್ಲೋ ಹೇಳಲೇಬೇಕೆಂದೇನಿಲ್ಲ. ಒಪ್ಪಂದದ ಮೊದಲ ಕಂತನ್ನು ಸಂಬಳದ ಜೊತೆ ಹಾಕಿದರೆ ಅದೇ ಒಪ್ಪಿಗೆಯಾಗಬಲ್ಲದು. ತಮಗೆ ಬೇಕಾದ ಉತ್ಪಾದನಾ ಷರತ್ತನ್ನು ಇಟ್ಟುಕೊಂಡು ವೇತನ ಹೆಚ್ಚಳ ಬೇಡ ಎನ್ನುವಂತಿಲ್ಲ: 199ನೇ ಸೆಕ್ಷನ್ ಪ್ರಕಾರ ಒಂದು ಭಾಗ ಒಪ್ಪಿದರೆ ಇಡೀ ವ್ಯವಹಾರವನ್ನೇ ಒಪ್ಪಿದಂತೆ. ಆದ್ದರಿಂದ ತಕರಾರಿದ್ದರೆ ಹಣ ಪಾವತಿಗೆ ಮುಂಚೆಯೇ ಬರಹದಲ್ಲಿ ತಿಳಿಸಿ.

ಮ್ಯಾನೇಜರ್ ಕೆಲಸ ಬಿಟ್ಟಾಗ ಹೆಚ್ಚಿನ ಕಂಪನಿಗಳು ಬ್ಯಾಂಕಿಗೆ ತಪ್ಪದೆ ಪತ್ರ ಬರೆಯುತ್ತವೆ, ಯೂನಿಯನ್‌ಗೆ ಬರೆಯುವುದಿಲ್ಲ. ಅಧಿಕಾರ ರದ್ದಾದದ್ದು ಮೂರನೆಯವರ ಮಟ್ಟಿಗೆ ಜಾರಿಗೆ ಬರುವುದು ಅವರಿಗೆ ತಿಳಿದಾಗಲೇ (208ನೇ ಸೆಕ್ಷನ್). ರದ್ದತಿ ಪತ್ರವನ್ನು ಅದೇ ದಿನ ಯೂನಿಯನ್‌ಗೂ ಸಂಧಾನಾಧಿಕಾರಿಯ ಕಚೇರಿಗೂ ಮುಟ್ಟಿಸಿ, ನಕಲಿನ ಮೇಲೆ ತಾರೀಖು ಸಮೇತ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.