ಆಂಟ್‌ಪುರದ ಸುಟ್ಟ ಮಣ್ಣು

ನಮ್ಮಪ್ಪ ಮಂಗಳೂರಿನ ಒಂದು ಹೆಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಗೂಡಿನಿಂದ ತೆಗೆದ ಹೆಂಚನ್ನು ಎಡಗೈಯಲ್ಲಿ ಹಿಡಿದು, ಬಲಗೈ ಬೆರಳ ಗೆಣ್ಣಿನಿಂದ ಒಂದು ಸಲ ತಟ್ಟುತ್ತಿದ್ದರು. 'ಟಣ್' ಅಂದರೆ ಚೆನ್ನಾಗಿ ಬೆಂದಿದೆ. 'ದೊಪ್' ಅಂದರೆ ಪಕ್ಕಕ್ಕೆ. ಸುಟ್ಟ ಮಣ್ಣು ಕಂಡರೆ ಇವತ್ತಿಗೂ ನನ್ನ ಕೈ ತಾನಾಗಿ ತಟ್ಟಲು ಹೋಗುತ್ತದೆ.

ಮಗಳಿಗೆ ಕೋಲ್ಕತ್ತದಲ್ಲಿ ಕೆಲಸ. ಡಿಸೆಂಬರಿನಲ್ಲಿ ಅವಳ ಮನೆಗೆ ಹೋಗಿದ್ದಾಗ ಇಬ್ಬರೂ ಹೂಗ್ಲಿ ಜಿಲ್ಲೆಯ ಆಂಟ್‌ಪುರ ಎಂಬ ಹಳ್ಳಿ ನೋಡಲು ಹೊರಟೆವು. ಹೌರಾದಲ್ಲಿ ತಾರಕೇಶ್ವರದ ಲೋಕಲ್ ರೈಲು ಹತ್ತಿ ಹರಿಪಾಲ್‌ನಲ್ಲಿ ಇಳಿದೆವು. ಅಲ್ಲಿಂದ ಮುಂದೆ ರಸ್ತೆ. ಎರಡೂ ಬದಿ ಆಲೂಗಡ್ಡೆ ಹೊಲ, ನಡುವೆ ಕೆರೆ, ಬಾಳೆ, ಬಿದಿರಿನ ಮೆಳೆ. ಅಷ್ಟು ದೂರ ಹೋದರೂ ಒಂದು ಬಂಡೆ ಕಾಣಲಿಲ್ಲ. ನದಿಗಳು ತಂದು ಹಾಕಿದ ಮಣ್ಣಿನ ನಾಡು ಅದು. ದೇವಸ್ಥಾನ ಕಟ್ಟುವವರಿಗೆ ಕಲ್ಲು ಎಲ್ಲಿಂದ ಬರಬೇಕು? ಮಣ್ಣನ್ನೇ ಸುಟ್ಟರು.

ರಾಧಾಗೋವಿಂದ ದೇವಸ್ಥಾನವನ್ನು 1786ರಲ್ಲಿ ಕಟ್ಟಿಸಿದವರು ಬರ್ದ್ವಾನ್ ರಾಜರ ದಿವಾನರಾಗಿದ್ದ ಕೃಷ್ಣರಾಮ ಮಿತ್ರ. ಸುಮಾರು 100 ಅಡಿ ಎತ್ತರ. ಆದರೆ ಕಣ್ಣಿಗೆ ಅದು ಗೋಪುರದ ಹಾಗೆ ಕಾಣುವುದಿಲ್ಲ, ದೊಡ್ಡದೊಂದು ಗುಡಿಸಲಿನ ಹಾಗೆ ಕಾಣುತ್ತದೆ. ಬಂಗಾಳದ ಹಳ್ಳಿಮನೆಯ ಹುಲ್ಲಿನ ಮಾಡಿಗೆ ಬಾಗಿದ ಬಿದಿರೇ ಆಧಾರ, ಹಾಗಾಗಿ ಸೂರಿನ ಅಂಚೂ ಬಿಲ್ಲಿನಂತೆ ಬಾಗಿರುತ್ತದೆ. ಆ ಬಾಗನ್ನೇ ಇಟ್ಟಿಗೆಯಲ್ಲಿ ತಂದಿದ್ದಾರೆ. ಕೆಳಗೆ ನಾಲ್ಕು ಇಳಿಜಾರು, ಅದರ ಮೇಲೆ ಚಿಕ್ಕದಾಗಿ ಮತ್ತೆ ನಾಲ್ಕು. ಎಂಟು ಮಾಡಿನ ಈ ಬಗೆಗೆ ಅಲ್ಲಿ 'ಆಟ್‌ಚಾಲಾ' ಅನ್ನುತ್ತಾರೆ. ದೇವರಿಗೂ ತಮ್ಮ ಮನೆಯಂಥದ್ದೇ ಮನೆ. ನನಗೆ ಇದು ತುಂಬಾ ಹಿಡಿಸಿತು.

ಹತ್ತಿರ ಹೋದರೆ ಗೋಡೆಯ ತುಂಬ ಜನ! ಅಂಗೈಯಷ್ಟಗಲದ ಸುಟ್ಟ ಮಣ್ಣಿನ ಬಿಲ್ಲೆಗಳಲ್ಲಿ ಕೃಷ್ಣನ ಆಟಗಳು, ರಾಮ ರಾವಣರ ಯುದ್ಧ. ಅವರ ಜೊತೆಗೇ ಬಂದೂಕು ಹಿಡಿದ ಯುರೋಪಿನ ಸಿಪಾಯಿಗಳು. ಇಂಗ್ಲಿಷರು ಬಂಗಾಳದ ನವಾಬನನ್ನು ಸೋಲಿಸಿದ ಪ್ಲಾಸಿ ಯುದ್ಧ ಮುಗಿದು ಆಗ 29 ವರ್ಷ ಆಗಿತ್ತಷ್ಟೇ. ಊರಿನ ದಾರಿಯಲ್ಲಿ ಕಂಡವರನ್ನು ದೇವರ ಗೋಡೆಗೂ ತಂದಿದ್ದಾರೆ.

ಇದನ್ನೆಲ್ಲ ಮಾಡಿದವರು 'ಸೂತ್ರಧರ'ರು. ನಮಗೆ ಸೂತ್ರಧಾರ ಅಂದರೆ ನಾಟಕದವನು, ಅಲ್ವಾ? ಬಂಗಾಳದಲ್ಲಿ ಅದು ಬಡಗಿಗಳ ಹೆಸರು. ಮರ, ಮಣ್ಣು ಎರಡೂ ಅವರಿಗೆ ಒಲಿದಿದ್ದವು. ದೇವಸ್ಥಾನದ ಬಳಿಯ ಚಂಡೀಮಂಟಪದಲ್ಲಿ ಹಲಸಿನ ಮರದ ಕೆತ್ತನೆ ನೋಡಿದ ಮೇಲೆ ನನಗೆ ಗೋಡೆಯ ಗುಟ್ಟು ತಿಳಿಯಿತು. ಬರೀ ಅಚ್ಚಿಗೆ ಒತ್ತಿದ ಮಣ್ಣಿಗೆ ಅಂಥ ಚೂಪು ಅಂಚು ಬರುವುದಿಲ್ಲ. ಹಸಿ ಮಣ್ಣಿನ ಹಲಗೆ ಅರ್ಧ ಒಣಗಿ ಗಟ್ಟಿಯಾದಾಗ ಉಳಿಯಂಥ ಕಡ್ಡಿಯಿಂದ ಕೆತ್ತಬೇಕು. ಬೇಗ ಕೈ ಹಾಕಿದರೆ ಮೂಗು ಜಜ್ಜಿಹೋಗುತ್ತದೆ. ತಡವಾದರೆ ಎಗರಿಹೋಗುತ್ತದೆ. ಆಮೇಲೆ ನೆರಳಲ್ಲಿ ಒಣಗಿಸಬೇಕು, ಬಿಸಿಲಿಗಿಟ್ಟರೆ ಸೊಟ್ಟ. ಗೂಡಿನಲ್ಲಿ ಒಡೆದದ್ದು ಎಷ್ಟಿತ್ತೋ. ಹೆಂಚು ಒಡೆದ ದಿನ ಅಪ್ಪ ಸರಿಯಾಗಿ ಊಟ ಮಾಡುತ್ತಿರಲಿಲ್ಲ, ಅದು ನೆನಪಾಯಿತು.

ಆಂಟ್‌ಪುರಕ್ಕೆ ಬರುವವರಲ್ಲಿ ಬಹಳ ಜನ ವಿವೇಕಾನಂದರಿಗಾಗಿ ಬರುತ್ತಾರೆ. 1886ರ ಡಿಸೆಂಬರ್ 24ರ ರಾತ್ರಿ ನರೇಂದ್ರ ಮತ್ತು ಗೆಳೆಯರು ಇಲ್ಲಿ ಧುನಿಯ, ಅಂದರೆ ಸಾಧುಗಳು ಹೊತ್ತಿಸುವ ಬೆಂಕಿಯ, ಸುತ್ತ ಕೂತು ಸಂನ್ಯಾಸದ ಸಂಕಲ್ಪ ಮಾಡಿದರು. ಜೊತೆಗಿದ್ದ ಬಾಬುರಾಮ್ ಘೋಷ್, ಮುಂದೆ ಸ್ವಾಮಿ ಪ್ರೇಮಾನಂದ, ಇದೇ ಊರಿನವರು. ಆ ಜಾಗಕ್ಕೂ ಹೋಗಿ ಕೈಮುಗಿದು ಬಂದೆ. ಮನಸ್ಸು ಮಾತ್ರ ಗೋಡೆಯಲ್ಲೇ ಇತ್ತು.

ಯಾಕೆಂದರೆ ಕೆಳಗಿನ ಸಾಲುಗಳು ಸವೆಯುತ್ತಿವೆ. ನೆಲದ ತೇವ ಇಟ್ಟಿಗೆಯೊಳಗೆ ಏರುತ್ತದೆ, ಜೊತೆಗೆ ಉಪ್ಪನ್ನೂ ತರುತ್ತದೆ. ನೀರು ಆರಿದಾಗ ಉಪ್ಪು ಹರಳುಗಟ್ಟಿ ಮೇಲಿನ ಪದರವನ್ನು ಒಳಗಿನಿಂದಲೇ ತಳ್ಳುತ್ತದೆ. ಮುಖ ಪುಡಿಪುಡಿಯಾಗಿ ಉದುರುತ್ತದೆ. ಇಂಥ ಗೋಡೆಗೆ ಸಿಮೆಂಟ್ ಮೆತ್ತಿದರೆ ತೇವಕ್ಕೆ ಹೊರಬರಲು ದಾರಿ ಸಿಗದೆ ಕೆತ್ತನೆ ಇನ್ನೂ ಬೇಗ ಹಾಳಾಗುತ್ತದೆ. ಸುಣ್ಣದ ಗಾರೆಯೇ ಆಗಬೇಕು. ಒಂದು ಬಿಲ್ಲೆಯಲ್ಲಿ ಕುಣಿಯುವ ಹೆಂಗಸಿನ ಕೈಕಾಲು ಉಳಿದಿವೆ, ಮುಖ ಇಲ್ಲ. ಅವಳ ಮುಂದೆ ನಾನು ತುಂಬಾ ಹೊತ್ತು ನಿಂತಿದ್ದೆ.

ಬೆರಳು ಮಡಚಿ ಗೋಡೆಯ ಹತ್ತಿರದವರೆಗೂ ಒಯ್ದಿದ್ದೆ. ಅಲ್ಲೇ ಕೂತಿದ್ದ ಅಜ್ಜ, "ಮಾಶಿಮಾ, ಮುಟ್ಟಬೇಡಿ" ಅಂದರು. ಮಾಶಿಮಾ ಅಂದರೆ ಚಿಕ್ಕಮ್ಮ. ಅಜ್ಜ ಹೇಳಿದ್ದು ಸರಿ. ಕೈ ಹಿಂದಕ್ಕೆ ತೆಗೆದುಕೊಂಡೆ.

ಸಂಜೆ ಹರಿಪಾಲ್ ಸ್ಟೇಷನ್ನಿನಲ್ಲಿ ಮಣ್ಣಿನ ಪುಟ್ಟ ಕುಡಿಕೆಯಲ್ಲಿ ಚಹಾ ಕೊಟ್ಟರು. ಕುಡಿದವರೆಲ್ಲ ಕುಡಿಕೆಯನ್ನು ಬಿಸಾಡುತ್ತಿದ್ದರು. ನಾನು ನನ್ನದನ್ನು ನಲ್ಲಿಯಲ್ಲಿ ತೊಳೆದು, ಎಡಗೈಯಲ್ಲಿ ಹಿಡಿದು, ಒಂದು ಸಲ ತಟ್ಟಿದೆ. ಟಣ್ ಅಂದಿತು. ಸೆರಗಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ.